ಸಾತವ್ವನ ಪತ್ತು

ನಾನು ಸೊಸೆಯಾಗಿ ಬರುವ ಹೊತ್ತಿಗೆ ನಮ್ಮ ಅತ್ತೆ ಸಾತವ್ವನ ಸಾಲವೆಲ್ಲ ತೀರಿತ್ತು. ಒಂದು ಪೈಸೆ ಬಾಕಿ ಇರಲಿಲ್ಲ. ಆದರೂ ಇಡೀ ಊರಿನಲ್ಲಿ ಆಕೆಗೆ ಒಂದು ಸೇರು ಜೋಳ ಉದ್ರಿ ಕೊಡುವವರು ಇರಲಿಲ್ಲ. ನನ್ನ ತವರು ಹುಕ್ಕೇರಿ ಕಡೆ. ಅಲ್ಲಿ ನಮ್ಮಪ್ಪನಿಗೆ ಮೈತುಂಬ ಸಾಲವಿತ್ತು, ಅಂಗಡಿಯಲ್ಲಿ ಉದ್ರಿಯೂ ಧಾರಾಳವಾಗಿ ಸಿಗುತ್ತಿತ್ತು. ಸಾಲಗಾರನಿಗೆ ಸಿಗುವ ಉದ್ರಿ ಸಾಲವಿಲ್ಲದವಳಿಗೆ ಯಾಕೆ ಸಿಗುವುದಿಲ್ಲ ಎಂದು ನಾನು ತಲೆ ಕೆಡಿಸಿಕೊಂಡೆ. ಹೊಸ ಸೊಸೆ, ಬಾಯಿಬಿಟ್ಟು ಕೇಳುವ ಹಾಗೂ ಇರಲಿಲ್ಲ.

ನಮ್ಮದು ಗೋಕಾಕ ತಾಲೂಕಿನಲ್ಲಿ ಮಮದಾಪುರದ ಹಾದಿಗೆ ಸಿಗುವ ಸಣ್ಣ ಊರು. ಅಂಗಡಿ ಅಂತ ಇದ್ದದ್ದು ಜಿನಪ್ಪ ಸಾವಕಾರರದು ಒಂದೇ. ಬೇರೆಯವರು ಹೋದರೆ ಅಲ್ಲಿ ಮೊದಲು ತಕ್ಕಡಿ ಏಳುತ್ತಿತ್ತು, ರೊಕ್ಕದ ಮಾತು ಆಮೇಲೆ. ಅತ್ತೆ ಹೋದರೆ ಮೊದಲು ರೊಕ್ಕ ಕಟ್ಟೆಯ ಮೇಲೆ ಬೀಳಬೇಕು, ಆಮೇಲೆ ತಕ್ಕಡಿ. ಪಕ್ಕದ ಮನೆಯ ಫಕೀರವ್ವ ಹಿಟ್ಟಿನ ಸಾಣಿಗೆ ಕೊಡುವಾಗಲೂ "ಇವತ್ತ ತಂದು ಕೊಡಬೇಕು ನೋಡ ಯವ್ವಾ" ಅನ್ನುವಳು. ಅತ್ತೆ ಹಿಟ್ಟು ಸೋಸಿದ್ದೇ ತಡ, ಒಲೆಯ ಮೇಲಿನ ರೊಟ್ಟಿಯನ್ನು ನನ್ನ ಪಾಲಿಗೆ ಬಿಟ್ಟು ಸಾಣಿಗೆ ಹಿಡಿದು ಓಡುತ್ತಿದ್ದಳು. ಸಾಣಿಗೆಗೆ ಹೀಗೆ ಓಡುವ ಹೆಂಗಸನ್ನು ನಾನು ಎಲ್ಲೂ ಕಂಡಿರಲಿಲ್ಲ.

ಕೊನೆಗೆ ನನ್ನ ಗಂಡ ಕರೆಪ್ಪನೇ ಒಂದು ಮಧ್ಯಾಹ್ನ ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚುತ್ತ ಹೇಳಿದ. ಎಲ್ಲದಕ್ಕೂ ಕಾರಣ ಒಂದು ಆಡಿನ ಕಿವಿ.

ನಮ್ಮ ಕಡೆ ಇರುವವರು ಇಲ್ಲದವರಿಗೆ ಆಡು, ಕರು ಪಾಲಿಗೆ ಕೊಡುತ್ತಾರೆ. ಪ್ರಾಣಿ ಅವರದು, ಸಾಕುವ ದಗದ ನಮ್ಮದು. ಅದು ಬೆಳೆದು ಈದ ಮೇಲೆ ಬೆಲೆ ಕಟ್ಟಿ ಅರ್ಧ ಅರ್ಧ. ಇದಕ್ಕೆ ಕಾಗದವಿಲ್ಲ, ಸಹಿ ಇಲ್ಲ. ಸಾಕುವಾಗ ಆಡು ಸತ್ತರೆ ಅದರ ಕಿವಿ ಕೊಯ್ದು ಒಡೆಯನಿಗೆ ತೋರಿಸಬೇಕು, ದನ ಎಮ್ಮೆ ಸತ್ತರೆ ತೊಗಲು ತಂದು ಹಾಕಬೇಕು. ಕದ್ದು ಮಾರಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

ನನ್ನ ಮಾವ ಹೊಳೆಪ್ಪನಿಗೆ ಇಸ್ಪೀಟಿನ ಹುಚ್ಚು. ಕಂಡಕಂಡವರಲ್ಲಿ ಕೈಗಡ ತೆಗೆದು, ಅದು ಕುತ್ತಿಗೆಗೆ ಬಂದಾಗ, ರೈತ ಮಾಲಿಂಗಪ್ಪನಿಂದ ಪಾಲಿಗೆ ತಂದಿದ್ದ ಆಡನ್ನು ಮೂಡಲಗಿ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಟ್ಟ. ಬರುವಾಗ ಕಟುಕರಿಂದ ಯಾವುದೋ ಆಡಿನ ಕಿವಿ ಇಸಿದುಕೊಂಡು ಬಂದ. ಮಾಲಿಂಗಪ್ಪನ ಆಡುಗಳಿಗೆಲ್ಲ ಎಡಗಿವಿಯ ಅಂಚಿನಲ್ಲಿ ಗುರುತಿಗೆ ಒಂದು ಕಚ್ಚು ಇರುತ್ತಿತ್ತು. ನಮ್ಮ ಮಾವ ಅದನ್ನೂ ಬಿಡಲಿಲ್ಲ, ಅದೇ ಜಾಗದಲ್ಲಿ ಚಾಕುವಿನಿಂದ ಕಚ್ಚು ಹಾಕಿದ. ಬುದ್ಧಿಗೇನೂ ಕಡಿಮೆ ಇರಲಿಲ್ಲ ಪುಣ್ಯಾತ್ಮನಿಗೆ. ಆದರೆ ಮರಿಯಿದ್ದಾಗ ಹಾಕಿದ ಕಚ್ಚು ಮಾಗಿ ಅಂಚಿಗೆ ಕೂದಲು ಬಂದಿರುತ್ತದೆ, ಸತ್ತ ಕಿವಿಗೆ ಹಾಕಿದ್ದು ಹಸಿಯಾಗಿಯೇ ಇರುತ್ತದೆ. ಮಾಲಿಂಗಪ್ಪ ಅದರ ಮೇಲೆ ಬೆರಳಾಡಿಸಿ ನೋಡಿದ. ಅದನ್ನು ಒಯ್ದು, ನಾಲ್ಕು ಜನ ಕೂಡುವ ಜಾಗವೆಂದು ಜಿನಪ್ಪ ಸಾವಕಾರರ ಅಂಗಡಿಯ ಕಟ್ಟೆಯ ಮೇಲೆ ಇಟ್ಟ. ಜೈನರ ಅಂಗಡಿ. ಸಾವಕಾರರು ಹೌಹಾರಿ ಎದ್ದು ನಿಂತರಂತೆ. ಊರಿಗೆ ಊರೇ ಬಂದು ಆ ಕಿವಿ ನೋಡಿತು.

ಮುಂದಿನ ವರ್ಷ ಮಾವ ಜ್ವರ ಬಂದು ತೀರಿಕೊಂಡ. ಅವನ ಸಾಲವನ್ನೆಲ್ಲ ಅತ್ತೆ ತೀರಿಸಿದಳು. ಕಂಡವರ ಹೊಲದಲ್ಲಿ ಕಳೆ ತೆಗೆದಳು, ಸುಗ್ಗಿಯಲ್ಲಿ ಬೆಲ್ಲದ ಗಾಣಕ್ಕೆ ಕಬ್ಬು ಹೊತ್ತಳು. ಮೊದಲು ತೀರಿಸಿದ್ದು ಮಾಲಿಂಗಪ್ಪನ ಆಡಿನ ರೊಕ್ಕ. ಅವನು ಇಸಿದುಕೊಂಡು ಕಿಸೆಗೆ ಹಾಕಿದ, ಮಾತಾಡಲಿಲ್ಲ. ಅಂದಿನಿಂದ ನಮ್ಮ ಮನೆಯವರು ಎದುರಾದರೆ ಅವನು ಮುಖ ಆ ಕಡೆ ತಿರುಗಿಸುತ್ತಿದ್ದ.

ರೊಕ್ಕ ಕೊಟ್ಟರೆ ಸಾಲ ತೀರುತ್ತದೆ. ಪತ್ತು ಹಾಗಲ್ಲ. ಪತ್ತು ಅಂದರೆ, ಈಕೆ ನಾಳೆ ಕೊಡುತ್ತೇನೆ ಅಂದರೆ ಕೊಟ್ಟೇ ಕೊಡುತ್ತಾಳೆ ಎಂದು ಊರು ಇಡುವ ನಂಬಿಕೆ. ಹೋದ ಪತ್ತು ತಿರುಗಿ ಬರಬೇಕಾದರೆ ಯಾರಾದರೂ ಮತ್ತೊಮ್ಮೆ ನಂಬಿ ಏನನ್ನಾದರೂ ಕೈಗಿಡಬೇಕು. ಪತ್ತು ಇಲ್ಲದವಳ ಕೈಗೆ ಯಾರೂ ಏನನ್ನೂ ಇಡುವುದಿಲ್ಲ. ಅತ್ತೆ ಈ ಸುಳಿಯೊಳಗೆ ವರ್ಷಗಟ್ಟಲೆ ತಿರುಗಿದಳು. ಯಾರದೋ ಪಾಪಕ್ಕೆ ಈಕೆ ಯಾಕೆ ತಿರುಗಬೇಕು ಎಂದು ನನಗೆ ಮೈ ಉರಿಯುತ್ತಿತ್ತು.

ಆ ಸುಳಿಯಿಂದ ಹೊರಬರುವ ದಾರಿ ತೋರಿಸಿದ್ದು ಸಾವಕಾರರ ಹೆಂಡತಿ ಪದ್ಮವ್ವ. ಅವರ ಎಮ್ಮೆ ಈದು ಸತ್ತಿತ್ತು. ತಾಯಿಯಿಲ್ಲದ ಹೆಣ್ಣುಗರು ಬಡಕಲಾಗಿ ಇವತ್ತೋ ನಾಳೆಯೋ ಎನ್ನುವಂತಿತ್ತು. ಯಾರೂ ಪಾಲಿಗೆ ಒಲ್ಲೆ ಅಂದಾಗ ಪದ್ಮವ್ವ ಅತ್ತೆಯನ್ನು ಕರೆಸಿದರು. ಸಾವಕಾರರಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಆದರೆ ದನಕರುಗಳೆಲ್ಲ ಪದ್ಮವ್ವನ ತವರು ಸಂಕೇಶ್ವರದಿಂದ ಬಂದವು, ಅವುಗಳ ವಿಷಯದಲ್ಲಿ ಸಾವಕಾರರ ಮಾತು ನಡೆಯುತ್ತಿರಲಿಲ್ಲ. ಅವರು ಒಂದು ಕರಾರು ಮಾತ್ರ ಹಾಕಿದರು.

"ಸತ್ತರ ತೊಗಲು ತಂದು ನನ್ನ ಮುಂದ ಹಾಕಬೇಕ ಸಾತವ್ವ. ನಿಮ್ಮ ಮನಿ ಕಿವಿ ನಾ ನೋಡೇನಿ. ಕಿವಿ ಒಲ್ಲೆ. ಇಡೀ ತೊಗಲು."

ನೀರು ಸೋಸಿ ಕುಡಿಯುವವರು, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಮುಟ್ಟದವರು, ಬಾಯಿಬಿಟ್ಟು ತೊಗಲು ಕೇಳಿದ್ದು ನೋಡಿ ನನಗೆ ಒಳಗೊಳಗೇ ನಗು. ಅತ್ತೆ ನಗಲಿಲ್ಲ. "ಹೂಂನ್ರಿ" ಅಂದು ಕರುವನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದಳು.

ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದದ್ದರಿಂದ ಅದಕ್ಕೆ ಚಂದ್ರಿ ಅಂತ ಹೆಸರಿಟ್ಟೆವು. ಮನೆಯಲ್ಲಿ ನಾವು ಉಣ್ಣುವುದಕ್ಕಿಂತ ಮೊದಲು ಅದರ ಗಂಜಿ. ಅತ್ತೆ ಗಳಿಗೆಗೊಮ್ಮೆ ಅದರ ಮೂಗು ಮುಟ್ಟಿ ನೋಡುವಳು, ಹೊಟ್ಟೆಗೆ ಕಿವಿ ಹಚ್ಚುವಳು. ಅದು ಕೆಮ್ಮಿದರೆ ಈಕೆಗೆ ಎದೆ ಧಸಕ್ ಎನ್ನುವುದು. ಹೊಳೆಗೆ ಬಿಡುತ್ತಿರಲಿಲ್ಲ, ಸೆಳವಿದೆ ಎಂದು. ಬಾಳೆತೋಟದ ಕಡೆಗೆ ಬಿಡುತ್ತಿರಲಿಲ್ಲ, ಹಾವಿದೆ ಎಂದು. ನಾನು ಗರ್ಭಿಣಿಯಾದಾಗಲೂ ಅಷ್ಟು ಉಪಚಾರ ನಡೆಯಲಿಲ್ಲ. ಒಂದು ದಿನ ತಡೆಯಲಾರದೆ ಅಂದೇಬಿಟ್ಟೆ.

"ಅತ್ತೀ, ನನ್ನೂ ಪಾಲಿಗೆ ತಂದಿದ್ರ ಚಲೋ ಇತ್ತು ನೋಡ್ರಿ."

"ನಿಮ್ಮಪ್ಪ ನಿನ್ನ ತೊಗಲು ಕೇಳಂಗಿಲ್ಲ ಲಗಮವ್ವ" ಅಂದಳು ಅತ್ತೆ. ತಮಾಷೆಗೆ ಅಂದದ್ದೇ, ಆದರೆ ಮುಖದಲ್ಲಿ ತಮಾಷೆ ಇರಲಿಲ್ಲ.

ಪ್ರತಿ ಸೋಮವಾರ ಆಕೆಯದೊಂದು ಸೇವೆ ಇತ್ತು. ಚಂದ್ರಿಯ ಮೈ ತೊಳೆದು, ಹಗ್ಗ ಹಿಡಿದು, ಜಿನಪ್ಪ ಸಾವಕಾರರ ಅಂಗಡಿಯ ಮುಂದೆ ಹಾಯಿಸಿಕೊಂಡು ಬರುವುದು. ಯಾರೂ ಹೇಳಿದ್ದಲ್ಲ, ತಾನಾಗಿ ಹಚ್ಚಿಕೊಂಡದ್ದು. ಕಟ್ಟೆಯ ಮುಂದೆ ನಿಂತು "ಐತಿ ನೋಡ್ರಿ ಸಾವಕಾರ್ರ" ಅನ್ನುವಳು. ಸಾವಕಾರರು ತಕ್ಕಡಿ ಬಿಟ್ಟು ಕೆಳಗಿಳಿದು ಬರುವರು. ಹಣೆಯ ಚುಕ್ಕೆ ನೋಡುವರು, ಬಾಲ ನೋಡುವರು, ಕಿವಿ ಎಳೆದು ನೋಡುವರು. ಅಂಗಡಿಯಲ್ಲಿದ್ದವರೆಲ್ಲ ನೋಡುವರು. ನನಗೆ ನಾಚಿಕೆಯಿಂದ ಸತ್ತುಹೋಗುವ ಹಾಗಾಗುತ್ತಿತ್ತು. ಅತ್ತೆಗೆ ಅದು ವಾರದ ಅತಿ ದೊಡ್ಡ ಕೆಲಸ. ಅವರು ತಲೆಯಾಡಿಸಿ ಮೇಲೆ ಹತ್ತಿದ ಮೇಲೆಯೇ ಆಕೆಗೆ ಉಸಿರು. ಮರುದಿನದಿಂದ ಮತ್ತೆ ಮುಂದಿನ ಸೋಮವಾರದ ಚಿಂತೆ.

ಚಂದ್ರಿ ಬೆಳೆದು ಮಣಕವಾಯಿತು. ಎಳೆ ಎಮ್ಮೆಗೆ ನಾವು ಮಣಕ ಅನ್ನುತ್ತೇವೆ. ಗಬ್ಬವೂ ಆಯಿತು. ದೀಪಾವಳಿಗೆ ಈಯುತ್ತದೆ ಎಂದು ಲೆಕ್ಕ. ಈದರೆ ಜಿನಪ್ಪ ಸಾವಕಾರರೇ ಬಂದು ಬೆಲೆ ಕಟ್ಟಬೇಕು, ನಾಲ್ಕು ಜನರ ಮುಂದೆ ಪಾಲು ಆಗಬೇಕು. ಆಮೇಲೆ ಸಾತವ್ವನಿಗೆ ಪಾಲಿಗೆ ಕೊಟ್ಟರೆ ಮೋಸವಿಲ್ಲ ಎಂದು ಊರೇ ಹೇಳಬೇಕು. ಅತ್ತೆ ಇದಕ್ಕೇ ಕಾದಿದ್ದಳು. ಹಾಲಿಗಲ್ಲ, ಬೆಲೆಗೂ ಅಲ್ಲ.

ಇದರ ನಡುವೆ ನಮ್ಮ ಕೇರಿಯ ಒಂದು ಮಾತನ್ನು ಹೇಳಬೇಕು. ಊರಲ್ಲಿ ಸತ್ತ ದನ ಎಳೆಯುವುದು, ತೊಗಲು ಸುಲಿಯುವುದು ತಲೆತಲಾಂತರದಿಂದ ನಮ್ಮ ಕೇರಿಯವರ ಪಾಲಿನ ಕೆಲಸ. ನಾಗಪುರದಲ್ಲಿ ಲಕ್ಷಾಂತರ ಜನ ಬೌದ್ಧರಾದ ಸುದ್ದಿ ಬಂದ ಮರುವರ್ಷ, ಚಂದ್ರಿ ನಮ್ಮ ಮನೆಗೆ ಬಂದ ಮೇಲೆ, ನಮ್ಮವರೂ ಬುದ್ಧನ ದೀಕ್ಷೆ ತೆಗೆದುಕೊಂಡರು. ಅವತ್ತೇ ಹಿರಿಯ ಉದ್ದಪ್ಪ ಕಾಕಾ ಬೇವಿನ ಕಟ್ಟೆಯ ಮೇಲೆ ಎಲ್ಲರಿಂದ ಮಾತು ತೆಗೆದುಕೊಂಡ: ಇನ್ನು ಊರಿನ ಸತ್ತ ದನ ಎಳೆಯುವುದಿಲ್ಲ, ಯಾವ ತೊಗಲನ್ನೂ ಸುಲಿಯುವುದಿಲ್ಲ. ಅತ್ತೆಯೂ ಕೈ ಎತ್ತಿದವಳೇ. ಊರಿನವರಿಗೆ ಇದು ನುಂಗಲಾರದ ತುತ್ತಾಯಿತು. ಕೆಲವರು ನಮ್ಮನ್ನು ಕೂಲಿಗೆ ಕರೆಯುವುದನ್ನೇ ಬಿಟ್ಟರು. ಮಾಲಿಂಗಪ್ಪ ತನ್ನ ಸತ್ತ ಎತ್ತನ್ನು ತಾನೇ ಬಂಡಿಗೆ ಕಟ್ಟಿ ಎಳೆದ, ಎಳೆಯುತ್ತ ನಮ್ಮ ಕೇರಿಯ ಮುಂದೆಯೇ ಹಾದು ಹೋದ. ಎಷ್ಟು ದಿನ ಈ ಹಟ, ಒಬ್ಬನಾದರೂ ಒಂದು ದಿನ ಚೂರಿ ಹಿಡಿದೇ ಹಿಡಿಯುತ್ತಾನೆ ಎಂದು ಊರು ಕಾಯುತ್ತಿತ್ತು.

ಶ್ರಾವಣದ ಮಳೆ ಹಿಡಿದಾಗ ಚಂದ್ರಿಗೆ ಗಂಟಲುಬೇನೆ ಬಂತು. ಬೆಳಿಗ್ಗೆ ಮೇವು ಬಿಟ್ಟಿತು, ಹೊತ್ತೇರುವಷ್ಟರಲ್ಲಿ ಗಂಟಲು ಊದಿ ಗೊರಗೊರ ಶುರುವಾಯಿತು. ಕರೆಪ್ಪ ಗೋಕಾಕದ ದನದ ದವಾಖಾನೆಗೆ ಓಡಿದ. ನಡುವೆ ಹಳ್ಳ ತುಂಬಿ ಹರಿಯುತ್ತಿತ್ತು, ದಾಟಲಾಗದೆ ದಂಡೆಯಲ್ಲೇ ನಿಂತ. ಇಲ್ಲಿ ಅತ್ತೆ ಚಂದ್ರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅದು ಕಣ್ಣು ಮೇಲೆ ಮಾಡಿ ಒಮ್ಮೆ ಕಾಲು ಝಾಡಿಸಿತು. ಹೊಟ್ಟೆಯಲ್ಲಿದ್ದ ಕರುವೂ ಹೋಯಿತು.

ಅತ್ತೆ ಅಳಲಿಲ್ಲ. ಮೊದಲು ಕೇಳಿದ್ದು, "ಸಾವಕಾರ್ರು ಊರಾಗ ಅದಾರೇನ?"

ಇರಲಿಲ್ಲ. ಗಂಡಹೆಂಡತಿ ಇಬ್ಬರೂ ಮಗಳ ಬಾಣಂತನಕ್ಕೆಂದು ಕೊಲ್ಲಾಪುರ ಕಡೆ ಹೋಗಿದ್ದರು. ಬರುವುದು ಇನ್ನೂ ನಾಲ್ಕೈದು ದಿನ. ಮಳೆಗಾಲದಲ್ಲಿ ಸತ್ತ ಎಮ್ಮೆಯನ್ನು ಅಷ್ಟು ದಿನ ಯಾರಿಗಾಗಿ ಇಡುವುದು?

ನಮ್ಮ ಹಿತ್ತಿಲಿನ ಬೇಲಿಯ ಆಚೆ ಆಗಲೇ ಊರಿನ ನಾಲ್ಕು ಜನ ಬಂದು ನಿಂತಿದ್ದರು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಬಾಯಲ್ಲಿ ಎಲೆಅಡಿಕೆ. ಅವರಲ್ಲಿ ಒಬ್ಬ ಕೇಳಿದ.

"ಊರ ದನಾ ಮುಟ್ಟಂಗಿಲ್ಲ ಖರೆ, ಮನಿ ಎಮ್ಮಿನರ ಸುಲೀತೀರಿಲ್ಲೋ?"

ಅತ್ತೆ ಒಳಗೆ ಹೋಗಿ ಕುಡುಗೋಲು ತಂದಳು. ತೊಗಲು ಇಲ್ಲದಿದ್ದರೆ ಸಾತವ್ವ ಎಮ್ಮೆ ಮಾರಿಕೊಂಡಳು ಎಂದು ನಾಳೆಯೇ ಊರು ಹೇಳುತ್ತದೆ. ಗಂಡ ಆಡು ಮಾರಿದ, ಹೆಂಡತಿ ಎಮ್ಮೆ ಮಾರಿದಳು ಎನ್ನುತ್ತದೆ. ಇಷ್ಟು ವರ್ಷದ ದುಡಿಮೆ, ಇಷ್ಟು ಸೋಮವಾರ, ಎಲ್ಲ ನೀರಿಗೆ ಹೋಗುತ್ತದೆ. ತೊಗಲು ಸುಲಿದರೆ ಇಡೀ ಕೇರಿಯ ಮಾತು ಹೋಗುತ್ತದೆ. ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂದು ನನಗೂ ತಿಳಿಯಲಿಲ್ಲ. ನಾನಾಗಿದ್ದರೆ ಸುಲಿದುಬಿಡುತ್ತಿದ್ದೆನೋ ಏನೋ.

ಉದ್ದಪ್ಪ ಕಾಕಾ ಕೋಲೂರಿಕೊಂಡು ಬಂದ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ನೋಡವಾ ಸಾತವ್ವ, ನಿನ್ನ ಸಂಕಟ ನನಗ ತಿಳೀತೈತಿ. ನೀ ಸುಲದ್ರ ಕೇರ್ಯಾಗ ಯಾರೂ ನಿನಗ ಏನೂ ಅನ್ನಂಗಿಲ್ಲ, ನಾ ಅನ್ನಾಕ ಬಿಡೂದೂ ಇಲ್ಲ. ನಾಳಿ ನಮ್ಮ ಹುಡುಗರನ್ನ ಕರಿಯಾಕ ಅವರು ಬರತಾರ, ಅಷ್ಟ."

ಅತ್ತೆ ಬೇಲಿಯ ಕಡೆ ನೋಡಿದಳು. ಎಲೆಅಡಿಕೆ ಜಗಿಯುವ ಬಾಯಿಗಳು ನಿಂತಿದ್ದವು. ಆಕೆ ಕುಡುಗೋಲನ್ನು ಕೆಳಗಿಟ್ಟಳು. ಮತ್ತೆ ಏನೋ ಹೊಳೆದವಳಂತೆ ಚಂದ್ರಿಯ ಕಿವಿ ಹಿಡಿದಳು. ಕಿವಿಯಾದರೂ ಇರಲಿ, ಕಿವಿ ಕೊಯ್ಯುವುದು ಸುಲಿದ ಹಾಗಾಗುವುದಿಲ್ಲವಲ್ಲ ಎಂದು ನಾನೂ ಬಗ್ಗಿದೆ. ಅತ್ತೆ ಆ ಕಿವಿಯನ್ನು ಬಹಳ ಹೊತ್ತು ಸವರಿದಳು, ಆಮೇಲೆ ಬಿಟ್ಟುಬಿಟ್ಟಳು.

"ಬ್ಯಾಡ. ಈ ಮನಿಯಿಂದ ಇನ್ನೊಂದು ಕಿವಿ ಹೊರಗ ಹೋಗೂದು ಬ್ಯಾಡ. ಕಾಕಾ, ಕುಣಿ ತಗಸ್ರಿ."

ಎಳೆಯುವ ಮಾತೇ ಬರಬಾರದೆಂದು ಚಂದ್ರಿ ಬಿದ್ದಿದ್ದ ಜಾಗದ ಬಗಲಿಗೇ ಕುಣಿ ತೋಡಿದರು. ಅದನ್ನು ಹಾಗೇ ಹೊರಳಿಸಿ ಮಲಗಿಸಿದೆವು. ಬೇವಿನ ಸೊಪ್ಪು ಹಾಕಿ ಮಣ್ಣು ಎಳೆದೆವು. ತಲೆಯ ಜಾಗ ಬಂದಾಗ ಅತ್ತೆ ಎಲ್ಲರನ್ನೂ ನಿಲ್ಲಿಸಿ, ಮುರುಕು ಬುಟ್ಟಿಯೊಂದನ್ನು ತಂದು ಮುಖದ ಮೇಲೆ ಕವುಚಿ, ಅದರ ಮೇಲೆ ತೆಳ್ಳಗೆ ಮಣ್ಣು ಹಾಕಿಸಿದಳು. ಬೇಕಾದಾಗ ತೆಗೆದು ತೋರಿಸಲಿಕ್ಕೆ. ಬೇಲಿಯ ಆಚೆ ನಿಂತವರು ಬೇಜಾರಾಗಿ ಒಬ್ಬೊಬ್ಬರಾಗಿ ಹೋದರು.

ಅವತ್ತಿನಿಂದ ಅತ್ತೆ ಆ ಕುಣಿ ಬಿಟ್ಟು ಕದಲಲಿಲ್ಲ. ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕೂತೇ ಇದ್ದಳು. ನಾಯಿ ಬಂದರೆ ಓಡಿಸುವಳು. ರೊಟ್ಟಿ ಒಯ್ದು ಕೊಟ್ಟರೆ ಅರ್ಧ ತಿಂದು ಇಡುವಳು. ಯಾರಾದರೂ ಬಂದು ಅಗೆದು ತೊಗಲು ಒಯ್ದರೆ? ಮಳೆ ಹೆಚ್ಚಾಗಿ ಮುಖವೇ ಗುರುತು ಸಿಗದಂತಾದರೆ? ಸಾವಕಾರರು ಇನ್ನೂ ಎಂಟು ದಿನ ಬರದೆ ಹೋದರೆ? ಕೇಳಿದ್ದನ್ನೇ ಕೇಳಿ ನನ್ನ ತಲೆ ತಿಂದಳು. "ಸತ್ತದ್ದು ಇಡೀ ಕೇರಿ ನೋಡೇತಿ, ಊರವರೂ ನೋಡ್ಯಾರ, ಸಾಕ್ಷಿ ಹೇಳಂಗಿಲ್ಲೇನು?" ಅಂದೆ.

"ಕೇರಿ ಸಾಕ್ಷಿ ಯಾರು ಕೇಳತಾರ? ಬೇಲಿ ಆಚಿ ನಿಂತವರು ಹೇಳತಾರೇನ?" ಅಂದಳು.

ಆಕೆ ಹೇಳಿದ್ದೇ ನಿಜವಾಯಿತು. ಸಾವಕಾರರು ಊರಿಗೆ ಬಂದು ಕಾಲು ತೊಳೆದುಕೊಳ್ಳುವ ಮೊದಲೇ ಸುದ್ದಿ ಅವರ ಕಿವಿಗೆ ಬಿದ್ದಿತ್ತು: ಸಾತವ್ವ ಗಬ್ಬದ ಮಣಕವನ್ನು ಮೂಡಲಗಿ ಸಂತೆಗೆ ದಾಟಿಸಿದಳು, ಬರೀ ಮಣ್ಣಿನ ಗುಡ್ಡೆ ಮಾಡಿ ಕೂತಿದ್ದಾಳೆ. ನಾವು ಹೋಗುವಾಗ ಅಂಗಡಿಯ ಕಟ್ಟೆಯ ಮೇಲೆ ಜನ ಸೇರಿತ್ತು. ಮಾಲಿಂಗಪ್ಪನೂ ಒಂದು ಕಡೆ ಕಂಬಕ್ಕೆ ಒರಗಿ ನಿಂತಿದ್ದ. ಸಾವಕಾರರಿಗೆ ಸಿಟ್ಟು ಬಂದರೆ ಮರಾಠಿ ಬರುತ್ತಿತ್ತು. ಅವತ್ತು ಮೊದಲ ಮಾತೇ ಮರಾಠಿ. ಅದನ್ನೆಲ್ಲ ಆಡಿ ಮುಗಿಸಿ ಕನ್ನಡಕ್ಕೆ ಬಂದರು.

"ತೊಗಲು ಎಲ್ಲಿ?"

"ಎಮ್ಮಿ ಮ್ಯಾಲ ಐತ್ರಿ" ಅಂದಳು ಅತ್ತೆ.

ಯಾರೋ ನಕ್ಕರು. ನಾನು ಅತ್ತೆಯ ಪಕ್ಕಕ್ಕೆ ಸರಿದು ನಿಂತೆ. ಆಕೆ ಸಾವಕಾರರಿಗೇ ಹೇಳಿದಳು.

"ಸುಲಿಯೂದು ಬಿಟ್ಟೇವ್ರಿ ನಾವು. ಮಾತು ಕೊಟ್ಟೇನಿ. ನಿಮಗೂ ಮಾತು ಕೊಟ್ಟಿದ್ದೆ. ಎರಡೂ ಉಳಿಬೇಕಂದ್ರ ನೀವ ಬಂದು ನೋಡಬೇಕ್ರಿ. ಮುಖದ ಮ್ಯಾಲ ಬುಟ್ಟಿ ಇಟ್ಟೇನಿ."

"ನಿಮ್ಮ ಕೇರಿಗೆ ನಾ ಬರಬೇಕ? ಸತ್ತ ಎಮ್ಮಿ ನೋಡಾಕ?"

"ಹೂಂನ್ರಿ."

ಸಾವಕಾರರು ಸುತ್ತ ನೋಡಿದರು. ಅವರಿಗೂ ಪೇಚಾಟವಾಯಿತು. ದನಿ ಇಳಿಸಿ, "ಹೋಗ್ಲಿ ಬಿಡು. ಸತ್ತೈತಿ ಅಂತ ನಂಬೀನಿ ಅಂತ ತಿಳಕೋ. ನಡಿ ಮನಿಗೆ" ಅಂದರು. ನನಗೆ ಹೋದ ಜೀವ ಬಂದಂತಾಯಿತು. ಅತ್ತೆಯ ಸೆರಗು ಎಳೆದೆ, ಇಷ್ಟಕ್ಕೇ ಮುಗಿಸಿ ಹೋಗೋಣ ಎಂದು. ಆಕೆ ಅಲುಗಾಡಲಿಲ್ಲ.

"ನಂಬಬ್ಯಾಡ್ರಿ. ನೋಡ್ರಿ."

ಆಗ ಒಳಬಾಗಿಲಿನಿಂದ ಪದ್ಮವ್ವ ಹೊರಗೆ ಬಂದರು. ಪ್ರಯಾಣದ ಸೀರೆಯನ್ನೂ ಬಿಚ್ಚಿರಲಿಲ್ಲ. "ಎಮ್ಮಿ ನಂದು. ನೀವು ಹೋಗಂಗಿಲ್ಲಂದ್ರ ನಾ ಹೋಗತೀನಿ" ಅಂದರು ಗಂಡನಿಗೆ. ಹೆಂಡತಿ ಕೇರಿಗೆ ಹೋಗಿ ತಾನು ಅಂಗಡಿಯಲ್ಲಿ ಕೂರುವುದು ಹೇಗೆ? ಸಾವಕಾರರು ಧೋತರದ ಚುಂಗು ಮೇಲೆ ಸಿಕ್ಕಿಸಿ, ಕೊಡೆ ಬಿಚ್ಚಿ, ಕಟ್ಟೆ ಇಳಿದರು.

ನಮ್ಮ ಕೇರಿಯ ಕೆಸರಿನಲ್ಲಿ ಅವರು ನಡೆದು ಬಂದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಒಂದೊಂದು ಹೆಜ್ಜೆಗೂ ನಿಂತು, ಮುಂದೆ ಎಲ್ಲಿ ಕಾಲಿಡಬೇಕೆಂದು ಹುಡುಕುವರು. ಹಿಂದೆ ಅರ್ಧ ಊರು. ಹಿತ್ತಿಲಿಗೆ ಬಂದ ಮೇಲೆ ಅತ್ತೆ ಯಾರನ್ನೂ 'ತೆಗೀರಿ' ಅನ್ನಲಿಲ್ಲ, ತಾನೇ ಕೂತು ಕೈಯಿಂದ ಮಣ್ಣು ಸರಿಸಿದಳು. ನಾನೂ ಕೂತೆ. ನಾತ ಹೊಡೆಯಿತು. ಹಿಂದೆ ನಿಂತವರು ಮೂಗು ಮುಚ್ಚಿಕೊಂಡು ಹಿಂದೆ ಹಿಂದೆ ಸರಿದರು. ಬುಟ್ಟಿ ಎತ್ತುವ ಮುಂದೆ ಅತ್ತೆ ಒಂದು ಗಳಿಗೆ ತಡೆದಳು. ಒಳಗೆ ಏನು ಉಳಿದಿದೆಯೋ ಆಕೆಗೂ ಗೊತ್ತಿರಲಿಲ್ಲ. ಆಮೇಲೆ ಎತ್ತಿದಳು.

ಮುಖ ಊದಿತ್ತು. ಆದರೆ ಹಣೆಯ ಚುಕ್ಕೆ ಇತ್ತು. ಅತ್ತೆ ಬಗ್ಗಿ ಎಡಗಿವಿಯ ಮಣ್ಣು ಒರೆಸಿದಳು, ಬಲಗಿವಿಯ ಮಣ್ಣು ಒರೆಸಿದಳು.

"ಎರಡೂ ಕಿವಿ ಅದಾವ ನೋಡ್ರಿ ಸಾವಕಾರ್ರ. ತೊಗಲೂ ಐತಿ. ಕೊಂಬೂ ಅದಾವ. ಎಲ್ಲಾ ನಿಮ್ಮದು ನಿಮಗ ಐತಿ."

ಸಾವಕಾರರು ಕೊಡೆಯ ಕೆಳಗೆ ಬಾಯಿಗೆ ಧೋತರದ ಚುಂಗು ಒತ್ತಿಕೊಂಡು ನಿಂತಿದ್ದರು. ಕಣ್ಣಲ್ಲಿ ನೀರು ಬಂದಿತ್ತು, ಅದು ನಾತಕ್ಕೋ ಮತ್ತೆ ಯಾತಕ್ಕೋ. ತಪ್ಪಿಸಿಕೊಳ್ಳದೆ ನೋಡಿದರು, ಅದನ್ನು ಒಪ್ಪಬೇಕು. "ಮುಚ್ಚವ್ವ" ಅಂದರು ಕೊನೆಗೆ, ಕನ್ನಡದಲ್ಲೇ. ಆಮೇಲೆ ತಿರುಗಿ ಬಂದ ದಾರಿಯಲ್ಲೇ ಹೋದರು.

ಇಷ್ಟಾದರೂ ಏನೂ ಬದಲಾಗಲಿಲ್ಲ. ಮರುವಾರ ಅತ್ತೆ ಉಪ್ಪು ತರಲು ಹೋದಾಗ ಅಂಗಡಿಯಲ್ಲಿ ಆಳು ಕೂತಿದ್ದ. ಮೊದಲು ರೊಕ್ಕ, ಆಮೇಲೆ ತಕ್ಕಡಿ. ಫಕೀರವ್ವ ಸಾಣಿಗೆಗೆ ಸಂಜೆಯ ಗಡುವು ಹಾಕುವುದನ್ನು ಬಿಡಲಿಲ್ಲ. ಸಾವಕಾರರು ಒಂದು ಮಾತು ಹೇಳಿ ಕಳಿಸಲಿಲ್ಲ. ಅತ್ತೆ ಒಳಗೊಳಗೇ ಕೊರಗಿದಳು.

"ಅವರಿಗೆ ಸಿಟ್ಟು ಬಂದಿರಬೇಕಲ್ಲ ಲಗಮವ್ವ? ನಂಬೀನಿ ಅಂದಾಗ ಸುಮ್ಮನ ಬರಬೇಕಿತ್ತೇನ? ಕೆಸರಾಗ ತಿರುಗಿಸಿದೆ, ಹೊಲಸು ತೋರಿಸಿದೆ. ಇನ್ನ ಈ ಜನ್ಮದಾಗ ನನ್ನ ಕೈಯಾಗ ಯಾರೂ ಹಗ್ಗಾ ಕೊಡಂಗಿಲ್ಲ."

ನನಗೂ ಹಾಗೇ ಅನ್ನಿಸಿತ್ತು. ಸೋಮವಾರ ಬಂದರೆ ಆಕೆಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಖಾಲಿ ಗೂಟದ ಹತ್ತಿರ ಹೋಗಿ ನಿಂತು ಬರುವಳು. ಆಕೆಯನ್ನು ರೇಗಿಸುವ ನನ್ನ ಬಾಯಿಯೂ ಬಂದಾಗಿತ್ತು.

ಹಿಂಗಾರಿ ಬಿತ್ತನೆ ಮುಗಿದ ಹೊತ್ತು. ಒಂದು ಬೆಳಿಗ್ಗೆ ಬಾಗಿಲ ಮುಂದೆ ಯಾರೋ ಕೆಮ್ಮಿದರು. ನೋಡಿದರೆ ಮಾಲಿಂಗಪ್ಪ. ಇಷ್ಟು ವರ್ಷ ಮುಖ ತಿರುಗಿಸಿದ ಮನುಷ್ಯ ಒಂದು ಎಳೆ ಆಡಿನ ಹಗ್ಗ ಹಿಡಿದು ನಿಂತಿದ್ದ. ಅತ್ತೆ ಹೆದರಿ ಎದ್ದಳು. ಹಳೆಯ ಆಡಿನದು ಏನಾದರೂ ಬಾಕಿ ಉಳಿದಿದೆಯೋ ಏನೋ ಎಂದೇ ಆಕೆಗೆ ಮೊದಲು ಅನ್ನಿಸಿದ್ದಂತೆ.

"ಪಾಲಿಗೆ ಇಟ್ಟಗೋತೀಯೇನ ಕೇಳಾಕ ಬಂದೀನಿ" ಅಂದ.

ಅತ್ತೆ ಆಡನ್ನೇ ನೋಡಿದಳು. ನಾನೇ ಕೇಳಿದೆ, "ನಮಗ ಯಾಕ ಕೊಡತೀರಿ?"

"ಮೊನ್ನಿ ಅಂಗಡಿ ಕಟ್ಟಿ ಮ್ಯಾಲ ಜಿನಪ್ಪ ಸಾವಕಾರ ಅಂದ, ನಾಕ ಮಂದಿ ಮುಂದ. ಸಾತವ್ವ ಜೀವಂತ ಐತಿ ಅಂದ್ರ ಜೀವಂತ ಐತಿ, ಸತ್ತೈತಿ ಅಂದ್ರ ಸತ್ತೈತಿ. ಯಾರೂ ನೋಡಾಕ ಹೋಗಬ್ಯಾಡ್ರಿ, ನಾ ನೋಡಿ ಬಂದೀನಿ, ಆ ನಾತ ಇನ್ನೂ ನನ್ನ ಮೂಗಿನಾಗ ಐತಿ, ಅಂದ."

ಹೇಳಿ, ಅಂಗಳದಲ್ಲಿದ್ದ ಗೂಟಕ್ಕೆ ತಾನೇ ಹಗ್ಗ ಕಟ್ಟಿದ. ಅತ್ತೆ ಹತ್ತಿರ ಹೋಗಿ ಆಡಿನ ಎಡಗಿವಿ ಹಿಡಿದಳು, ಅಂಚಿನ ಮೇಲೆ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ಕಚ್ಚು ಇರಲಿಲ್ಲ.

"ಗುರ್ತು ಹಾಕಿಲ್ಲರಿ ಇದಕ್ಕ."

"ಹಾಕಿಲ್ಲ."

"ಹಾಕಿ ಕೊಡ್ರಿ ಮಾಲಿಂಗಪ್ಪಾರ. ನನಗ ಹೆದರಿಕಿ ಆಕ್ಕೈತಿ."

"ಬ್ಯಾಡ ಬಿಡು" ಅಂದು ಅವನು ಹೊರಟುಹೋದ. ಹೋಗುವಾಗಲೂ ಮುಖ ನೋಡಿ ಮಾತಾಡಲಿಲ್ಲ. ಅದು ಸಿಟ್ಟಲ್ಲ, ಅವನ ಸ್ವಭಾವವೇ ಅಷ್ಟು ಎಂದು ನಮಗೆ ಆಗ ತಿಳಿಯಿತು.

ಪತ್ತು ಬಂದ ಮೇಲೆ ಅತ್ತೆಯ ಹೆದರಿಕೆ ಹೋಯಿತು ಎಂದು ಹೇಳಿದರೆ ಸುಳ್ಳಾದೀತು. ಸೋಮವಾರ ಬಂತು, ಆಕೆ ಆಡಿನ ಮೈ ತೊಳೆದಳು. "ಯಾರೂ ಕೇಳಿಲ್ಲಲ್ಲ ಅತ್ತೀ" ಅಂದೆ. ಕೇಳಿಸಿಕೊಂಡರೆ ತಾನೆ! ಹಗ್ಗ ಹಿಡಿದು ಮಾಲಿಂಗಪ್ಪನ ಮನೆಯ ಕಡೆ ಹೊರಟೇಬಿಟ್ಟಳು. ನಾನು ಒಲೆಯ ಮುಂದೆ ಕೂತು ಕಾದೆ. ಬಹಳ ಹೊತ್ತಾಯಿತು. ಏನಾಯಿತೋ ಎಂದು ಎದ್ದು ಬಾಗಿಲಿಗೆ ಬರುವಾಗ ಆಕೆ ಬರುತ್ತಿರುವುದು ಕಂಡಿತು. ಹೆಜ್ಜೆ ನಿಧಾನವಾಗಿತ್ತು, ಕಣ್ಣು ಕೆಂಪಾಗಿದ್ದವು. ಹೊಸ್ತಿಲ ಹತ್ತಿರ ಬಂದು ಅಲ್ಲೇ ಕೂತುಬಿಟ್ಟಳು.

"ಏನಾತ್ರಿ? ಏನಂದ ಅವ?"

"ಜಗಲಿ ಮ್ಯಾಲ ಕುಂತು ಹಗ್ಗಾ ಹೊಸಿಯಾಕತ್ತಿದ್ದ" ಅಂದಳು ಅತ್ತೆ. "ಐತಿ ನೋಡ್ರಿ ಮಾಲಿಂಗಪ್ಪಾರ ಅಂದೆ. ಎರಡು ಸರ್ತಿ ಅಂದೆ. ಹೂಂ ಅಂದ. ಆಡ ಐತೋ ಇಲ್ಲೋ ಅಂತ ತಲಿ ಎತ್ತಿ ನೋಡಲೇ ಇಲ್ಲ ಲಗಮವ್ವ."

ಅಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಅವಳ ಕೈಯಿಂದ ಆಡಿನ ಹಗ್ಗ ತೆಗೆದುಕೊಂಡು ಗೂಟಕ್ಕೆ ಕಟ್ಟಿದೆ.